ನಾಲ್ಕೂವರೆಯ ಗಂಟೆ ಬಾರಿಸಿದ ಮೇಲೆ

ನಮ್ಮ ಕಡೆ ಪಟ್ಟಿ ಎತ್ತುವುದು ಹೊಸದಲ್ಲ. ಜಾತ್ರೆ ಬಂದರೆ ಪಟ್ಟಿ, ಉರುಸು ಬಂದರೆ ಪಟ್ಟಿ. ಗುಡಿಯ ಶಿಖರಕ್ಕೆ, ಮಸೀದಿಯ ಕಾಂಪೌಂಡಿಗೆ, ಗಣಪತಿಯ ಮಂಟಪಕ್ಕೆ, ಮೊಹರಮ್ಮಿನ ಶರಬತ್ತಿಗೆ ಪಟ್ಟಿ. ಕಬ್ಬಿನ ಬಿಲ್ಲು ಬಂದ ವಾರ ನಾಲ್ಕು ಮಂದಿ ಹಿರಿಯರು ನೋಟ್‌ಬುಕ್ ಹಿಡಿದು ಓಣಿಗೆ ಇಳಿದರೆ ಸಾಕು. “ಯಾಕ್ರಿ ಸಾವಕಾರ್ರ, ಈ ಸಲ ಎಷ್ಟ ಬರೀಲಿ?” ಎಂದು ಒಬ್ಬರು ಶುರು ಮಾಡುತ್ತಾರೆ. “ಹೋದ ವರ್ಷ ಬರದಷ್ಟ ಬರೀರಿ” ಎಂದು ಸಾವಕಾರರು ಜಾರಲು ನೋಡುತ್ತಾರೆ. “ಬಾಜೂ ಮನಿಯವ್ರು ಐದ ಸಾವಿರ ಬರಸ್ಯಾರ್ರಿ” ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೊತ್ತ ಏರುತ್ತದೆ. ಕುಡಚಿ, ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿ ಯಾವ ಕಡೆ ಹೋದರೂ ಹೀಗೆಯೇ ಲಕ್ಷಗಟ್ಟಲೆ ರೂಪಾಯಿ ಕೂಡುತ್ತದೆ, ಖರ್ಚಾಗುತ್ತದೆ, ಜಮಾಖರ್ಚಿನ ಹಾಳೆ ಕಟ್ಟೆಯ ಗೋಡೆಗೆ ಅಂಟುತ್ತದೆ.

ಅದೇ ಊರಲ್ಲಿ ಸಂಜೆ ನಾಲ್ಕೂವರೆಗೆ ಶಾಲೆಯ ಗಂಟೆ ಬಾರಿಸಿದ ಮೇಲೆ ಮಕ್ಕಳು ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಎಂಬುದಕ್ಕೆ ಮಾತ್ರ ಪಟ್ಟಿ ಎತ್ತಿದವರು ಅಪರೂಪ.

ಕುಡಚಿಯನ್ನೇ ನೋಡಿ, ಬಹಳ ದೊಡ್ಡ ಊರಲ್ಲ. ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ, ಕೃಷ್ಣಾ ದಂಡೆಯ ಪುರಸಭೆ. 2011ರ ಜನಗಣತಿಯಲ್ಲಿ 23 ಸಾವಿರದ ಆಸುಪಾಸು ಜನ. ಮಿರಜ್ ಕಡೆಯ ರೈಲು ಹತ್ತಿದರೆ ಹೊಳೆ ದಾಟುತ್ತಲೇ ಉಗಾರ ಖುರ್ದ, ಅಲ್ಲಿಯ ಸಕ್ಕರೆ ಕಾರ್ಖಾನೆ. ಬೆಳಗಾವಿ ಕಡೆ ಹೊರಟರೆ ಮುಂದಿನ ಸ್ಟೇಷನ್ನೇ ಮಾಯಕ್ಕನ ಚಿಂಚಲಿ. ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಚಹಾದಂಗಡಿಯ ಬೆಂಚಿನ ಮೇಲೆ ಕೇಳಿಬರುವ ಪೇಟೆ. ಕನ್ನಡ ಶಾಲೆಯ ಹುಡುಗನೂ ಉರ್ದು ಶಾಲೆಯ ಹುಡುಗನೂ ಹಗಲೆಲ್ಲ ಬೇರೆ ಬೇರೆ ಕಾಂಪೌಂಡಿನೊಳಗೆ ಇರುತ್ತಾರೆ. ಅವರು ಕೂಡಿ ಆಡುವುದಿದ್ದರೆ ಗಂಟೆ ಬಾರಿಸಿದ ಮೇಲೆಯೇ.

ಬಾರಿಸಿದ ಮೇಲೆ ಏನಾಗುತ್ತದೆ ಎಂಬುದು ಮನೆಯ ಮೇಲೆ ನಿಂತಿದೆ. ಫೀ ಕಟ್ಟುವ ಶಕ್ತಿ ಇದ್ದವರು ಟ್ಯೂಷನ್ನಿಗೆ ಹೋಗುತ್ತಾರೆ. ಕೆಲವರು ಮದರಸಾಕ್ಕೆ, ಕೆಲವರು ಭಜನೆಗೆ. ಉಳಿದ ಗಂಡುಹುಡುಗರು ಕ್ರಿಕೆಟ್, ಮೊಬೈಲು, ಇಲ್ಲವೆ ಮಾವನ ಗ್ಯಾರೇಜು. ಹೆಣ್ಣುಮಕ್ಕಳಿಗೆ ಆ ಹೊತ್ತು ಆಟದ್ದಲ್ಲ. ಅವ್ವ ಕಬ್ಬಿನ ಕಳೆ ತೆಗೆದು ಮನೆಗೆ ಬರುವ ಹೊತ್ತಿಗೆ ನೀರು ತುಂಬಿರಬೇಕು, ತಮ್ಮನ ಕೈಕಾಲು ತೊಳೆದಿರಬೇಕು. ನಿಪ್ಪಾಣಿ ಕಡೆ ಬೀಡಿ ಸುತ್ತುವ ಮನೆಗಳಲ್ಲಿ ಮೊರ ತೊಡೆಯ ಮೇಲೆ ಬರುವುದೂ ಇದೇ ಹೊತ್ತಿಗೆ. ಸರ್ಕಾರಿ ಶಾಲೆಯಲ್ಲಿ ಸಂಜೆಗೆ ಬೆಲೆ ಬರುವುದು ಹತ್ತನೆಯ ತರಗತಿಗೆ ಮಾತ್ರ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ವಿಶೇಷ ತರಗತಿ, ಗುಂಪು ಅಧ್ಯಯನ, ಕೆಲವು ಕಡೆ ರಾತ್ರಿ ಶಾಲೆಯಲ್ಲೇ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಮಾಸ್ತರರು. 2018ರ ಎಸ್ಸೆಸ್ಸೆಲ್ಸಿಯಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಉಡುಪಿ, ಉತ್ತರ ಕನ್ನಡದ ಬೆನ್ನಿಗೆ ರಾಜ್ಯಕ್ಕೆ ಮೂರನೆಯದಾಗಿ ಬಂದಾಗ ಈ ಸಂಜೆಗಳ ದುಡಿಮೆಯೂ ಅದರ ಹಿಂದಿತ್ತು. ಆದರೆ ಐದನೆಯ ತರಗತಿಯಲ್ಲಿ ಭಾಗಾಕಾರ ಕಲಿಯದೆ ಉಳಿದ ಹುಡುಗಿ ಹತ್ತನೆಯ ತರಗತಿಯವರೆಗೆ ಕಾಯಬೇಕೇ?

ತಾಲೀಮಿನ ಮಣ್ಣು

ಸಂಜೆಯ ಹೊತ್ತು ಹುಡುಗರನ್ನು ಊರೇ ಒಂದೆಡೆ ಕೂಡಿಸಿ ತಯಾರು ಮಾಡುವುದು ಈ ನೆಲಕ್ಕೆ ಗೊತ್ತಿರದ ಕೆಲಸವಲ್ಲ. ಕುಸ್ತಿಯ ಗರಡಿಯಾದ ತಾಲೀಮು ಇದ್ದದ್ದೇ ಅದಕ್ಕೆ. ಕೊಲ್ಹಾಪುರ, ಸಾಂಗಲಿಯ ಕುಸ್ತಿಯ ಗಾಳಿ ಬೀಸುವ ಈ ಸೀಮೆಯಲ್ಲಿ ತಾಲೀಮು ಇಲ್ಲದ ದೊಡ್ಡ ಊರು ಒಂದು ಕಾಲಕ್ಕೆ ವಿರಳ. ತಗ್ಗಿನ ಬಾಗಿಲು, ಒಳಗೆ ಗಾಳಿಗೊಂದು ಸಣ್ಣ ಕಿಂಡಿ, ಗೂಡಿನಲ್ಲಿ ಹಣಮಪ್ಪ, ನಡುವೆ ಮೊಣಕಾಲು ಮುಳುಗುವಷ್ಟು ಕೆಂಪು ಮಣ್ಣು. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ಲಿಂಬೆರಸ ಹಾಕಿ ಹದ ಮಾಡಬೇಕು. ಸಲಿಕೆ ಹಿಡಿದು ದಿನಾ ತಿರುವಿ ಹಾಕಬೇಕು. ಹೊಸದಾಗಿ ಬಂದ ಹುಡುಗನಿಗೆ ಮೊದಲ ತಿಂಗಳು ಕುಸ್ತಿಯಿಲ್ಲ, ಮಣ್ಣು ತಿರುವುವುದೇ ಪಾಠ. ಆಮೇಲೆ ಜೋರು, ಬೈಠಕು. ಯಾರ ಮಗ, ಯಾವ ಜಾತಿ ಎಂಬ ಪ್ರಶ್ನೆ ಲಂಗೋಟಿ ಬಿಗಿದ ಮೇಲೆ ಅಷ್ಟಾಗಿ ಏಳುತ್ತಿರಲಿಲ್ಲ. ಹಣಮಪ್ಪನ ಗೂಡಿಗೆ ಕೈಮುಗಿದು ಕಣಕ್ಕಿಳಿಯುವ ಮುಸಲ್ಮಾನ ಪೈಲ್ವಾನರು ಈ ಕಡೆ ಸಾಮಾನ್ಯ ನೋಟವಾಗಿತ್ತು.

ಕುಸ್ತಿಯ ಹಾಡಿಕೆ ಸಾಕು, ಅದರ ಖರ್ಚಿನ ಬಾಬತ್ತು ನೋಡಿ. ಜಾಗ ಊರಿನದು. ಕುಸ್ತಿ ಕಲಿಸುವ ವಸ್ತಾದನಿಗೆ ಸಂಬಳವೆಂದು ಹೆಸರಿಟ್ಟು ಯಾರೂ ಕೊಡುತ್ತಿರಲಿಲ್ಲ, ಆದರೆ ಅವನ ಮನೆ ನಡೆಯುತ್ತಿತ್ತು. ಸುಗ್ಗಿಯಲ್ಲಿ ಕಾಳು, ಹಾಲು ಕರೆಯುವ ಮನೆಯಿಂದ ಹಾಲು, ಜಾತ್ರೆಯ ಜಂಗಿ ಕುಸ್ತಿಯಲ್ಲಿ ಗೆದ್ದ ಶಿಷ್ಯನ ಇನಾಮಿನಲ್ಲಿ ಪಾಲು. ಬಡವರ ಮನೆಯ ಹುಡುಗನ ಮೈಯಲ್ಲಿ ಕಸುವು ಕಂಡರೆ ಅವನ ಖುರಾಕಿನ ಬಾದಾಮಿ, ತುಪ್ಪ ಯಾವನೋ ಒಬ್ಬ ಸಾವಕಾರನ ಲೆಕ್ಕಕ್ಕೆ. ಅಂದರೆ ಊರು ಗೋಡೆಗಷ್ಟೇ ಅಲ್ಲ, ಗೋಡೆಯೊಳಗೆ ದಿನಾ ಸಂಜೆ ಬಂದು ಕೂರುವ ಮನುಷ್ಯನಿಗೂ ವ್ಯವಸ್ಥೆ ಮಾಡಿತ್ತು. ಇಂದು ಎಷ್ಟೋ ಊರುಗಳಲ್ಲಿ ತಾಲೀಮಿಗೆ ಬಣ್ಣ ಬಳಿದಿದೆ, ಬಾಗಿಲಿಗೆ ಬೀಗವಿದೆ. ಗೋಡೆ ಉಳಿಯಿತು, ವಸ್ತಾದ ಹೋದ. ಹೆಣ್ಣುಮಕ್ಕಳ ಮಟ್ಟಿಗಂತೂ ಆ ತಗ್ಗಿನ ಬಾಗಿಲು ಎಂದೂ ತೆರೆದಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಳೆಯದನ್ನು ಹೊಗಳುವ ಭರದಲ್ಲಿ ಅದು ಮರೆತುಹೋಗುತ್ತದೆ.

ಬೋರ್ಡಿಂಗಿನ ಊಟ

ತಾಲೀಮಿನದು ಮೈಯ ಕಥೆಯಾದರೆ ಓದಿನ ಕಥೆ ಬೋರ್ಡಿಂಗಿನದು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1894ರಲ್ಲಿ ಗಾದಿಗೆ ಬಂದ ಶಾಹು ಮಹಾರಾಜರು ಹಳ್ಳಿಯ ಹುಡುಗರು ಶಾಲೆಗೆ ಏಕೆ ಬರುವುದಿಲ್ಲ ಎಂದು ನೋಡಿದಾಗ ಕಂಡ ಕಾರಣ ಸರಳವಾಗಿತ್ತು: ಶಾಲೆ ಕೊಲ್ಹಾಪುರದಲ್ಲಿತ್ತು, ಗಂಟೆ ಬಾರಿಸಿದ ಮೇಲೆ ಉಣ್ಣಲು, ಮಲಗಲು, ದೀಪದ ಬೆಳಕಲ್ಲಿ ಓದಲು ಜಾಗವಿರಲಿಲ್ಲ. 1901ರಲ್ಲಿ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನ ಬೋರ್ಡಿಂಗ್, 1906ರಲ್ಲಿ ಮುಸ್ಲಿಂ ಬೋರ್ಡಿಂಗ್, 1907ರಲ್ಲಿ ವೀರಶೈವ ಬೋರ್ಡಿಂಗ್, 1908ರಲ್ಲಿ ಅಸ್ಪೃಶ್ಯರೆನಿಸಿದ್ದ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಜಾಗ, ಕಟ್ಟಡದ ನೆರವಿನ ಜೊತೆಗೆ ದರ್ಬಾರಿನಿಂದ ಅನುದಾನ. ನಡೆಸುವ ಹೊಣೆ ಆಯಾ ಸಮಾಜದ್ದು. ಯಾರ ಮಕ್ಕಳೋ ಅವರೇ ಲೆಕ್ಕ ಇಡಲಿ ಎಂಬ ನಂಬಿಕೆ. ಕೊಡುವವರ ಕಿಸೆ ಬಿಚ್ಚಿಸಲು ಆ ಕಾಲಕ್ಕೆ ಅದು ಸರಿಯಾದ ಉಪಾಯವೇ ಆಗಿತ್ತು. ಆದರೆ ಒಂದೇ ಊರಿನ ಮಕ್ಕಳು ಐದು ಪಂಕ್ತಿಯಲ್ಲಿ ಉಂಡರು.

ಆ ಪಂಕ್ತಿಯನ್ನು ಮುರಿದವನು ಜೈನ ಬೋರ್ಡಿಂಗಿನಲ್ಲೇ ಇದ್ದ ಒಬ್ಬ ಹುಡುಗ. ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ್ ಪಾಟೀಲ. ಹಿರೀಕರು ನಮ್ಮ ಮೂಡುಬಿದಿರೆಯಿಂದ ಬಂದವರು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದ ಹುಡುಗ ಮೈಲಿಗೆ ಕಳೆಯಲು ಸ್ನಾನ ಮಾಡಲೊಲ್ಲೆ ಎಂದು ಹಟ ಹಿಡಿದ; ಬೋರ್ಡಿಂಗ್ ಅವನನ್ನು ಹೊರಗೆ ಹಾಕಿತು. ಅವನೇ ಮುಂದೆ 1919ರಲ್ಲಿ ಸಾತಾರಾ ಜಿಲ್ಲೆಯ ಕಾಲೆಯಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ. 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಒಲೆಯ ಅಡುಗೆ ಉಣ್ಣುವ ಬೋರ್ಡಿಂಗ್ ತೆರೆದ. 1927ರಲ್ಲಿ ಅಲ್ಲಿಗೆ ಬಂದ ಗಾಂಧೀಜಿ ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ದುಡ್ಡು ಎಲ್ಲಿಂದ? ಮುಷ್ಟಿ ಫಂಡು. ಹೆಣ್ಣುಮಕ್ಕಳು ಹಿಟ್ಟಿಗೆ, ಅನ್ನಕ್ಕೆ ಕಾಳು ತೆಗೆಯುವಾಗ ಒಂದು ಹಿಡಿ ಬೇರೆ ಗಡಿಗೆಗೆ ಹಾಕುವುದು, ಅದನ್ನು ಒಟ್ಟುಮಾಡಿ ಬೋರ್ಡಿಂಗಿಗೆ ಒಯ್ಯುವುದು. ಅದೂ ಸಾಲದಾದಾಗ ಭಾವೂರಾವ್ ಅವರ ಹೆಂಡತಿ ಲಕ್ಷ್ಮೀಬಾಯಿ ಒಂದೊಂದೇ ಒಡವೆ ಕೊಟ್ಟರು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಭಾವೂರಾವ್ ಹೆಸರಿನಲ್ಲಿ ಇಂದು ಎಷ್ಟೊಂದು ಕಾಲೇಜುಗಳಿವೆ. ಆ ಹುಡುಗರಿಗೆ ಉಣ್ಣಲಿಕ್ಕೆ ಬಡಿಸಿದ ಲಕ್ಷ್ಮೀಬಾಯಿಯ ಪಾಲು ಭಾಷಣಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ.

ಕನ್ನಡದ ಕಡೆಯೂ ಇಂಥ ಕೊಡುಗೆಯ ಹಾದಿ ಇತ್ತು. ಶಿರಸಂಗಿಯ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಟ್ರಸ್ಟಾಗಿ ಬಿಟ್ಟುಹೋದರು. ಭೂಮಿ ವರ್ಷವರ್ಷ ಬೆಳೆಯುತ್ತದೆ, ಅದರ ಹುಟ್ಟುವಳಿಯಲ್ಲಿ ವರ್ಷವರ್ಷ ಮಕ್ಕಳು ಓದುತ್ತಾರೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದಾಗ ಅವರ ಹತ್ತಿರ ಹಣವಿರಲಿಲ್ಲ. ಪಾಠ ಹೇಳುವ ಆಯುಷ್ಯವನ್ನೇ ಕೊಟ್ಟರು, ದೇಸಗತಿಯವರು, ವ್ಯಾಪಾರಿಗಳು ಹಣ ಕೊಟ್ಟರು. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳ ಉಚಿತ ಪ್ರಸಾದ ನಿಲಯ ನಡೆದದ್ದು ಹಳ್ಳಿಗಳಿಂದ ಬಂದ ಜೋಳ, ಗೋದಿಯ ಮೇಲೆ. ನಿಪ್ಪಾಣಿಯದು ಇನ್ನೊಂದು ಎಳೆ. 1925ರ ಏಪ್ರಿಲ್‌ನಲ್ಲಿ ಡಾ. ಅಂಬೇಡ್ಕರ್ ಪರಿಷತ್ತಿಗೆಂದು ಅಲ್ಲಿಗೆ ಬಂದರು. ಅವರ ಒಡನಾಡಿಯಾಗಿ, 1929ರಲ್ಲಿ ಧಾರವಾಡದಲ್ಲಿ ಆರಂಭವಾದ ದಲಿತ ವಿದ್ಯಾರ್ಥಿಗಳ ಬೋರ್ಡಿಂಗನ್ನು ನೋಡಿಕೊಂಡ ಬಳವಂತರಾವ್ ವರಾಳೆ ಅವರ ಮನೆತನ ಇದೇ ನಿಪ್ಪಾಣಿಯ ನಂಟಿನದು. ಅವರ ಮೊಮ್ಮಗ ಪ್ರಸನ್ನ ವರಾಳೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಮುಂದೆ ಸುಪ್ರೀಂ ಕೋರ್ಟಿಗೆ ಹೋದವರು.

ಹತ್ತಿರದ ಕಾಲಕ್ಕೆ ಬಂದರೆ ಅಥಣಿಯ ವಕೀಲ ಬಿ.ಎಲ್. ಪಾಟೀಲರ ವಿಮೋಚನಾ ಸಂಘ. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾನೂನು 1982ರಲ್ಲೇ ಆಯಿತು. ಆದರೆ ತಾಯಿಯನ್ನು ಆ ಬದುಕಿನಿಂದ ಬಿಡಿಸಿದರೂ ಮಗಳು ಸಂಜೆ ಯಾವ ಮನೆಗೆ ಮರಳಬೇಕು? ಅಥಣಿ ತಾಲ್ಲೂಕಿನ ಮಲಾಬಾದದಲ್ಲಿ 1990ರಲ್ಲಿ ಆರಂಭವಾದ ವಸತಿ ಶಾಲೆ ಆ ಪ್ರಶ್ನೆಗೆ ಕೊಟ್ಟ ಉತ್ತರ. ಓದಿಸುವುದಕ್ಕಿಂತ ಮೊದಲು ಹೊತ್ತು ಮುಳುಗಿದ ಮೇಲಿನ ಆಸರೆ ಬೇಕಿತ್ತು.

ಗೋಡೆಗೆ ದುಡ್ಡಿದೆ

ಈಗ ಸರ್ಕಾರದ ಚೀಲಕ್ಕೆ ಬರೋಣ. ಒಬ್ಬ ಸಂಸದರಿಗೆ ಕ್ಷೇತ್ರಾಭಿವೃದ್ಧಿಗೆ ವರ್ಷಕ್ಕೆ 5 ಕೋಟಿ ರೂಪಾಯಿ, ಶಾಸಕರಿಗೆ 2 ಕೋಟಿ. 1993ರಲ್ಲಿ ಆರಂಭವಾದ ಸಂಸದರ ನಿಧಿಯ ನಿಯಮ ಬಹಳ ಸ್ಪಷ್ಟ: ಬಾಳಿಕೆ ಬರುವ ಸಾರ್ವಜನಿಕ ಆಸ್ತಿ ಆಗಬೇಕು, ನಡೆಸುವ ಖರ್ಚಿಗೆ ಕೊಡುವಂತಿಲ್ಲ. ದುರುಪಯೋಗ ತಪ್ಪಿಸಲು ಮಾಡಿದ ನಿಯಮವೇನೋ ಹೌದು. ಆದರೆ ಅದರ ಫಲ ಊರೂರಿನಲ್ಲಿ ಕಾಣುತ್ತದೆ. ಸಮುದಾಯ ಭವನ ಇದೆ, ಮೇಲೆ ದೊಡ್ಡ ಹೆಸರಿದೆ, ಮದುವೆ ಇದ್ದ ದಿನ ಬೀಗ ತೆಗೆಯುತ್ತದೆ. ಉಳಿದ ದಿನ ಜಗಲಿಯ ಮೇಲೆ ಇಸ್ಪೀಟು. ಕೋಣೆ ಕಟ್ಟಿಸಿದವರ ಹೆಸರು ಕೆತ್ತಿದ ಕಲ್ಲು ಎಲ್ಲ ಕಡೆ ಇದೆ. ಆ ಕೋಣೆಯ ಬಲ್ಬಿನ ಬಿಲ್ಲು ಕಟ್ಟಿದವರ, ಅಲ್ಲಿ ಸಂಜೆ ಮಕ್ಕಳ ಜೊತೆ ಕೂತವರ ಪಗಾರ ಕೊಟ್ಟವರ ಹೆಸರಿನ ಕಲ್ಲು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ನಡೆಸುವ ಖರ್ಚಿಗೆಂದೇ ಹುಟ್ಟಿದ ಒಂದು ದುಡ್ಡಿದೆ. ಅದನ್ನು ನಾವೆಲ್ಲ ಕಟ್ಟುತ್ತಿದ್ದೇವೆ, ನೆನಪಿಲ್ಲ ಅಷ್ಟೆ. ಮನೆಯ ಕರದ ಚಲನ್ ತೆಗೆದು ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಹುಟ್ಟಿದ ಗ್ರಂಥಾಲಯ ಕರ ಅದರಲ್ಲಿದೆ, ಪ್ರತಿ ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ನಗರಗಳ ಸ್ಥಳೀಯ ಸಂಸ್ಥೆಗಳು ಇದನ್ನು ಜನರಿಂದ ವಸೂಲು ಮಾಡಿ ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುವ ತಕರಾರು ಹಳೆಯದು. ಹಳ್ಳಿಗಳ ಮಟ್ಟಿಗೆ 2019ರಲ್ಲಿ ಒಂದು ಒಳ್ಳೆಯ ಬದಲಾವಣೆಯಾಯಿತು. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮುಂದೆ ಅರಿವು ಕೇಂದ್ರಗಳಾದವು. 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಗೋಡೆಗೆ ಬಣ್ಣ, ಕೇರಂ, ಚೆಸ್ಸು, ಕಂಪ್ಯೂಟರು, ಕಥೆ ಪುಸ್ತಕ. ಹಲವು ಹಳ್ಳಿಗಳಲ್ಲಿ ಗಂಟೆ ಬಾರಿಸಿದ ಮೇಲೆ ಮಕ್ಕಳು ಓಡುವ ಜಾಗ ಈಗ ಅದೇ. ಸರ್ಕಾರ ಮಾಡಿದ ಕೆಲಸಗಳಲ್ಲಿ ಸದ್ದಿಲ್ಲದೆ ಆದ ಒಳ್ಳೆಯದೊಂದಿದ್ದರೆ ಇದನ್ನೇ ಮೊದಲು ಹೆಸರಿಸುವೆ.

ಅಲ್ಲಿಯೂ ಹಳೆಯ ಕಥೆ ಬಿಡಲಿಲ್ಲ. ಆ ಬಾಗಿಲು ತೆಗೆಯುವ ಮೇಲ್ವಿಚಾರಕರು ಅರೆಕಾಲಿಕ ಗೌರವಧನದ ಮೇಲೆ ದುಡಿದವರು. ಕನಿಷ್ಠ ವೇತನಕ್ಕೆ ವರ್ಷಗಟ್ಟಲೆ ಹೋರಾಡಿದವರು. ಇನ್ನೊಂದು ತೊಡಕು ಕುಡಚಿಯಂಥ ಊರಿನದು. ಅದು ಪುರಸಭೆ, ಅರಿವು ಕೇಂದ್ರವಿರುವುದು ಪಂಚಾಯಿತಿಯಲ್ಲಿ. ಊರ ಹೊರಗಿನ ತೋಟದ ಮನೆಯ ಹುಡುಗಿಗೆ ಒಂದು ಇಲಾಖೆಯ ಗ್ರಂಥಾಲಯ, ಪೇಟೆಯ ಹುಡುಗಿಗೆ ಇನ್ನೊಂದು ಇಲಾಖೆಯದು. ಇಬ್ಬರೂ ಒಂದೇ ಹೈಸ್ಕೂಲಿನ ಒಂದೇ ಬೆಂಚಿನವರು ಎನ್ನುವುದು ಯಾವ ಇಲಾಖೆಯ ಕಡತದಲ್ಲೂ ಇಲ್ಲ.

ನಿಪ್ಪಾಣಿಯ ಬೀಡಿಯದೂ ಒಂದು ಲೆಕ್ಕವಿದೆ. 1976ರ ಕಾಯ್ದೆಯಂತೆ ಬೀಡಿಯ ಮೇಲೆ ಕಲ್ಯಾಣ ಕರ ಬೀಳುತ್ತಿತ್ತು. ಆ ನಿಧಿಯಿಂದ ಬೀಡಿ ಕಾರ್ಮಿಕರಿಗೆ ದವಾಖಾನೆ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ. ಸುತ್ತಿದ ಬೀಡಿಯೇ ಸುತ್ತಿದವಳ ಮಗಳ ಓದಿಗೆ ಕಾಸು ಕೂಡಿಸುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಕರ ರದ್ದಾಯಿತು. ವಿದ್ಯಾರ್ಥಿವೇತನ ನಿಂತಿಲ್ಲ, ಆದರೆ ಅದಕ್ಕೆಂದೇ ಇದ್ದ ಸ್ವಂತ ಬುಗ್ಗೆ ಹೋಯಿತು. ಇನ್ನೇನಿದ್ದರೂ ಬಜೆಟ್ಟಿನಲ್ಲಿ ಬರೆದಷ್ಟು.

ಪಾಲಕರಿಂದಲೇ ಎತ್ತಿದರಾಗದೇ ಎನ್ನುವವರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆ ಆ ಪ್ರಯತ್ನವನ್ನೂ ಮಾಡಿತು. ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪಾಲಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಬಂತು. ಎಲ್ಲ ಕಡೆ ಗದ್ದಲವಾಗಿ ಕೆಲವೇ ದಿನಗಳಲ್ಲಿ ವಾಪಸಾಯಿತು. ವಾಪಸಾದದ್ದು ಸರಿಯೇ. ಕೂಲಿಗೆ ಹೋಗುವ ತಾಯಿಯ ಎದುರು ಮಾಸ್ತರರು ‘ಸ್ವಇಚ್ಛೆಯ’ ರಸೀದಿ ಪುಸ್ತಕ ಹಿಡಿದರೆ ಅದು ಇಚ್ಛೆಯಾಗಿ ಉಳಿಯುವುದಿಲ್ಲ. ಆದರೆ ಹಾಗಾದರೆ ಯಾರು ಕೊಡಬೇಕು ಎಂಬ ಮಾತೂ ಆ ಗದ್ದಲದಲ್ಲೇ ಮುಗಿದುಹೋಯಿತು.

ಕೂಡಿ ನಡೆಸುವುದು ನಮ್ಮಿಂದ ಆಗದು ಎನ್ನುವಂತಿಲ್ಲ. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ಮುಚ್ಚಿದ ಶಾಲೆಯ ಪಾಠವನ್ನು ಮಕ್ಕಳಿದ್ದಲ್ಲಿಗೇ ಒಯ್ಯುವ ‘ವಿದ್ಯಾಗಮ’ ಬಂದಾಗ ಗುಡಿಯ ಪೌಳಿ, ಮಸೀದಿಯ ಅಂಗಳ, ಗಿಡದ ಕಟ್ಟೆ ಎಲ್ಲವೂ ಶಾಲೆಯಾದವು. ಸೋಂಕು ಹಬ್ಬಿ ಅಕ್ಟೋಬರ್‌ನಲ್ಲಿ ಅದು ನಿಂತಿತು, ನಿಲ್ಲಿಸಬೇಕಾಗಿತ್ತು. ಆದರೆ ಯಾವ ಕಮಿಟಿಯೂ ಜಾಗ ಕೊಡಲೊಲ್ಲೆವು ಎಂದು ಹಟ ಹಿಡಿದದ್ದು ದೊಡ್ಡ ಸುದ್ದಿಯಾಗಲಿಲ್ಲ. ಹೊಳೆ ಬಂದಾಗಿನ ಮಾತಂತೂ ಹೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣೆ ತುಂಬಿ ಕುಡಚಿ–ಉಗಾರ ಸೇತುವೆ ಮುಳುಗಿ ರಸ್ತೆ ಬಂದಾದಾಗ ಶಾಲೆಗಳು ಕಾಳಜಿ ಕೇಂದ್ರಗಳಾದವು. ಒಂದೇ ವರಾಂಡದಲ್ಲಿ ಎಲ್ಲ ಜಾತಿಯ ಚಾಪೆ, ಒಂದೇ ಬೋಗುಣಿಯ ಅನ್ನ. ನೀರು ಇಳಿದ ಮೇಲೆ ಕೋಣೆ ತೊಳೆದು ಬೀಗ ಹಾಕಿ ಎಲ್ಲರೂ ತಂತಮ್ಮ ಓಣಿಗೆ.

ಅಮೆರಿಕದಂಥ ದೇಶದಲ್ಲಿ ಶಾಲೆ ಬಿಟ್ಟ ನಂತರದ ಹೊತ್ತಿಗೆಂದೇ ಒಕ್ಕೂಟ ಸರ್ಕಾರದ ಪ್ರತ್ಯೇಕ ಅನುದಾನವಿದೆ. 1990ರ ದಶಕದಲ್ಲಿ ಆರಂಭವಾದ ಅದು ಈಗ ವರ್ಷಕ್ಕೆ ನೂರು ಕೋಟಿ ಡಾಲರಿಗಿಂತ ಹೆಚ್ಚು. ಶಾಲೆ ಮತ್ತು ಊರಿನ ಸಂಸ್ಥೆ ಕೂಡಿ ಅರ್ಜಿ ಹಾಕಿದರೆ ಅದಕ್ಕೆ ಆದ್ಯತೆ. ದುಡ್ಡಿನ ದೊಡ್ಡ ಪಾಲು ಹೋಗುವುದು ಸಿಬ್ಬಂದಿಗೆ. ಅಲ್ಲಿಯೂ ಬಜೆಟ್ ಬಂದಾಗಲೊಮ್ಮೆ ಕತ್ತರಿಯ ಭಯ ಇದ್ದದ್ದೇ. ನಾವು ಅಷ್ಟು ದೂರ ಹೋಗಬೇಕಿಲ್ಲ. ನಮ್ಮಲ್ಲೇ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ ಶಾಲಾ ಮಕ್ಕಳಿಗೆ ವಾರಕ್ಕೆ ಎರಡರ ಬದಲು ಆರು ದಿನ ಮೊಟ್ಟೆ ಬಂತು. ತಟ್ಟೆಗೆ ದಿನಾ ಬಂದು ದಿನಾ ಖರ್ಚಾಗುವ ಮೊಟ್ಟೆ. ಕಲ್ಲಿನ ಮೇಲೆ ಹೆಸರು ಕೆತ್ತಲು ಬರುವುದಿಲ್ಲ. ಮಧ್ಯಾಹ್ನಕ್ಕೆ ಆದದ್ದು ಸಂಜೆಗೆ ಏಕಾಗಬಾರದು?

ಟನ್ನಿಗೆ ಒಂದು ರೂಪಾಯಿ

ಈ ಭಾಗದ ನಿಜವಾದ ತಿಜೋರಿ ಕಬ್ಬು. ರಾಜ್ಯದಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚಿರುವ ಜಿಲ್ಲೆ ಬೆಳಗಾವಿ. 1939ರಲ್ಲಿ ಶಿರಗಾಂವಕರ ಮನೆತನದವರು ಕಟ್ಟಿದ ಉಗಾರದ ಕಾರ್ಖಾನೆ, ಚಿಕ್ಕೋಡಿಯ ದೂಧಗಂಗಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ಇವಲ್ಲದೆ ಖಾಸಗಿಯವು ಹಲವು. ಕಂಪನಿಯಾಗಿದ್ದು ಲಾಭ, ವಹಿವಾಟು ನಿಗದಿತ ಮಿತಿ ದಾಟಿದರೆ 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಶಿಕ್ಷಣ ಅದರಲ್ಲಿ ಬರುತ್ತದೆ. ಸಹಕಾರಿ ಕಾರ್ಖಾನೆಗಳಿಗೆ ಆ ಕಲಮು ತಾಗುವುದಿಲ್ಲ. ಅವುಗಳ ಮಾಲೀಕರು ಕಬ್ಬು ಬೆಳೆಯುವ ಷೇರುದಾರರೇ.

ಸಕ್ಕರೆಯ ದುಡ್ಡಲ್ಲಿ ಮಕ್ಕಳ ಸಂಜೆ ಬೆಳಗಿದ ಉದಾಹರಣೆಗೆ ಮುಂಬೈವರೆಗೆ ಹೋಗಬೇಕಿಲ್ಲ. ಕೊಲ್ಹಾಪುರ ಜಿಲ್ಲೆಯ ವಾರಣಾನಗರದಲ್ಲಿ ಸಹಕಾರಿ ಕಾರ್ಖಾನೆ ಕಟ್ಟಿದ ತಾತ್ಯಾಸಾಹೇಬ್ ಕೋರೆ ಅದರ ಜೊತೆಗೇ ಮಕ್ಕಳ ವಾದ್ಯವೃಂದವೊಂದನ್ನು ಬೆಳೆಸಿದರು. ವಾರಣಾ ಬಾಲ ವಾದ್ಯವೃಂದ ಎಂದು ಅದು ಹೆಸರಾಯಿತು. ಕಬ್ಬು ಬೆಳೆಯುವ ಹಳ್ಳಿಗಳ ಮಕ್ಕಳು ಸಿತಾರು, ತಬಲಾ, ಪಿಟೀಲು ಹಿಡಿದು ದೊಡ್ಡ ದೊಡ್ಡ ವೇದಿಕೆ ಏರಿದರು. ಒಂದು ವಾದ್ಯವೃಂದ ನಡೆಯಬೇಕಾದರೆ ವಾದ್ಯ ಕೊಂಡರಾಗಲಿಲ್ಲ. ಕಲಿಸುವವರು ದಿನಾ ಬರಬೇಕು, ವರ್ಷಗಟ್ಟಲೆ ಬರಬೇಕು.

ಒಂದು ಅಂದಾಜು ಹಾಕಿ ನೋಡೋಣ. ಲೆಕ್ಕ ನನ್ನದು, ತಿದ್ದುವವರು ತಿದ್ದಲಿ. ಒಂದು ಓಣಿಯ ಶಾಲೆಯಲ್ಲಿ 40 ಮಕ್ಕಳಿಗೆ ವರ್ಷದಲ್ಲಿ 200 ಸಂಜೆ, ಎರಡೆರಡು ತಾಸು. ಡಿಗ್ರಿ, ಡಿಎಡ್ ಮುಗಿಸಿ ಮನೆಯಲ್ಲಿರುವ ಊರಿನವರೇ ಇಬ್ಬರು, ಅವರಲ್ಲಿ ಒಬ್ಬಾಕೆಯಾದರೂ ಹೆಣ್ಣುಮಗಳು. ಇಲ್ಲದಿದ್ದರೆ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ. ತಲಾ 8 ಸಾವಿರದಂತೆ ಹತ್ತು ತಿಂಗಳಿಗೆ 1 ಲಕ್ಷ 60 ಸಾವಿರ. ಶೇಂಗಾ-ಬೆಲ್ಲ, ಚುರುಮುರಿ, ಬಾಳೆಹಣ್ಣು ಹೀಗೆ ಮಗುವಿಗೆ ಹತ್ತು ರೂಪಾಯಿಯ ನಾಷ್ಟಾ ಎಂದರೂ 80 ಸಾವಿರ. ಪುಸ್ತಕ, ಚಾಪೆ, ಚೆಂಡು, ಕರೆಂಟು ಸೇರಿ 20 ಸಾವಿರ. ಒಟ್ಟು 2 ಲಕ್ಷ 60 ಸಾವಿರ. ಹಂಗಾಮಿಗೆ 8 ಲಕ್ಷ ಟನ್ ಕಬ್ಬು ನುರಿಸುವ ಕಾರ್ಖಾನೆ ಟನ್ನಿಗೆ ಒಂದು ರೂಪಾಯಿ ತೆಗೆದಿಟ್ಟರೆ ಇಂಥ ಮೂರು ಕೇಂದ್ರ ನಡೆದು ಸ್ವಲ್ಪ ಉಳಿಯುತ್ತದೆ. ನೂರು ಟನ್ ಕಳಿಸಿದ ರೈತನ ಪಾಲಿಗೆ ನೂರು ರೂಪಾಯಿ.

ಇಷ್ಟು ಬರೆದು ಮುಗಿಸಿದರೆ ಕಬ್ಬಿನ ಬೆಳೆಗಾರರು ನನ್ನನ್ನು ಓಣಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಬಿಲ್ಲು ತಡವಾಗುತ್ತದೆ, ತೂಕದ ಮೇಲೆ ನಂಬಿಕೆಯಿಲ್ಲ, ದರಕ್ಕಾಗಿ ರಸ್ತೆಗೆ ಇಳಿಯದ ಹಂಗಾಮಿಲ್ಲ. ಅದರ ಮೇಲೆ ಇನ್ನೊಂದು ಕಡಿತವೇ? ಮಾತು ಖರೆ. ಆದ್ದರಿಂದ ಆ ರೂಪಾಯಿಯಲ್ಲಿ ಐವತ್ತು ಪೈಸೆ ಕಾರ್ಖಾನೆಯದಾಗಬೇಕು, ಹಣ ಕಾರ್ಖಾನೆಯ ಖಾತೆಯಲ್ಲಿ ಉಳಿಯಬಾರದು. ಖಾತೆ ಯಾರ ಕೈಯಲ್ಲಿ? ಓಣಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕೈಯಲ್ಲಿ ಎನ್ನುವೆ. ವಾರವಾರ ಹತ್ತು, ಇಪ್ಪತ್ತು ರೂಪಾಯಿ ಕೂಡಿಸಿ, ಸಾಲ ಕೊಟ್ಟು, ತಿರುಗಿ ವಸೂಲು ಮಾಡಿದವರಿಗೆ ಈ ಲೆಕ್ಕ ದೊಡ್ಡದಲ್ಲ. ಸಂಜೆ ಮಗಳು ಎಲ್ಲಿದ್ದಾಳೆ ಎಂಬ ಚಿಂತೆಯೂ ಅವರದೇ.

ಜಾಗದ ಮಾತು ಸಣ್ಣದೆನಿಸಿದರೂ ಅಲ್ಲೇ ಗಾಡಿ ಸಿಕ್ಕಿಬೀಳುತ್ತದೆ. ಶಾಲೆಯ ಕೀಲಿಕೈ ಹೆಡ್ ಮಾಸ್ತರರ ಹತ್ತಿರ. ಸಂಜೆ ಕೋಣೆ ಬಿಟ್ಟುಕೊಟ್ಟು ನಾಳೆ ಫ್ಯಾನಿನ ರೆಕ್ಕೆ ಸೊಟ್ಟಾದರೆ, ಕಂಪ್ಯೂಟರಿನ ವೈರು ಕಾಣೆಯಾದರೆ ಜವಾಬು ಕೊಡಬೇಕಾದವರು ಅವರೇ. ಅವರು ಕೀಲಿ ಕೊಡಲು ಹಿಂಜರಿಯುವುದರಲ್ಲಿ ತಪ್ಪು ಹುಡುಕುವುದು ಅನ್ಯಾಯ. ಶಾಲಾ ಉಸ್ತುವಾರಿಗೆ ಪಾಲಕರ ಸಮಿತಿ ಇರಲಿ ಎಂದು 2001ರಲ್ಲಿ ಸರ್ಕಾರ ಎಸ್‌ಡಿಎಂಸಿ ಮಾಡಿತು. ಆ ಸಮಿತಿ ಠರಾವು ಬರೆದು, ನಾಲ್ಕೂವರೆಯ ನಂತರದ ಹೊಣೆ ನಮ್ಮದು ಎಂದು ಸಹಿ ಹಾಕಿಕೊಟ್ಟರೆ ಮಾಸ್ತರರ ಕೈ ಹಗುರಾಗುತ್ತದೆ. ಕುಡಚಿಯಂಥ ಊರಲ್ಲಿ ಕನ್ನಡ ಶಾಲೆಯ ಸಮಿತಿ, ಉರ್ದು ಶಾಲೆಯ ಸಮಿತಿ ಎರಡೂ ಕೂಡಿ ಒಂದೇ ಠರಾವು ಬರೆಯಬೇಕು, ಎರಡು ಬೇರೆ ಕೇಂದ್ರ ಬೇಡ. ಕೊಲ್ಹಾಪುರದ ಐದು ಪಂಕ್ತಿಗೆ ನೂರು ವರ್ಷ ಮೀರಿತು. ಇನ್ನು ಹೊಸದಾಗಿ ಎಲೆ ಹಾಕುವಾಗಲಾದರೂ ಸಾತಾರಾದ ರೀತಿ ಹಾಕೋಣ. ಗಣಿತ, ಕೇರಂ, ಕುಸ್ತಿ, ಹಲಗೆ ಏನೇ ಇದ್ದರೂ ಅದಕ್ಕೆ ಮಾಧ್ಯಮದ ಗೋಡೆ ಬೇಕಾಗಿಲ್ಲ. ದರ್ಗಾ ಕಮಿಟಿ ಒಂದು ತಿಂಗಳ ನಾಷ್ಟಾ, ಗುಡಿಯ ಕಮಿಟಿ ಇನ್ನೊಂದು ತಿಂಗಳದ್ದು, ಪುರಸಭೆ ಕರೆಂಟು. ಕೊಡುವವರು ಹೆಚ್ಚಾದಷ್ಟೂ ಒಬ್ಬರ ಹೆಸರು ಬಾಗಿಲ ಮೇಲೆ ಏರುವುದು ಕಷ್ಟ. ಅದೂ ಒಳ್ಳೆಯದೇ.

ಸಹಕಾರಿ ಕಾರ್ಖಾನೆಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್‌ನಲ್ಲಿ, ಹಂಗಾಮಿಗೆ ಮೊದಲು ನಡೆಯುತ್ತದೆ. ಸಭೆಯ ನೋಟಿಸು ಷೇರುದಾರರ ಮನೆಗೇ ಬರುತ್ತದೆ. ಹೆಚ್ಚಿನವರು ಅದನ್ನು ಓದದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾರೆ, ಸಭೆಯ ದಿನ ಉಡುಗೊರೆಯ ಚೀಲ ತರಲು ಹೋಗುತ್ತಾರೆ. ಈ ಸಲ ನೋಟಿಸು ಬಂದಾಗ ಹತ್ತಾರು ಷೇರುದಾರರು ಕೂಡಿ ಸಹಿ ಮಾಡಿ, ಟನ್ನಿಗೆ ಒಂದು ರೂಪಾಯಿಯ ವಿಷಯವನ್ನು ಸಭೆಯ ಮುಂದೆ ತರಬೇಕೆಂದು ಅರ್ಜಿ ಕೊಡಬಹುದು. ಅರ್ಜಿಯಲ್ಲಿ ಕಟ್ಟಡ ಎಂಬ ಪದ ಬರದಂತೆ ನೋಡಿಕೊಳ್ಳಬೇಕು. ಮೊದಲ ಸಾಲಿನಲ್ಲೇ ಬರೆಯಬೇಕಾದದ್ದು ಇಬ್ಬರು ಶಿಕ್ಷಕರ ಪಗಾರ, ಪ್ರತಿ ತಿಂಗಳ ಐದನೆಯ ತಾರೀಖಿನ ಒಳಗೆ.